ಬೋರ್ಡಿಗೆ ಪದ ಬೇಕು: ವಲಸಿಗರು? ನಿರಾಶ್ರಿತರು? ಗುಳೆ?

ಪ್ರಶ್ನೆ, ದಾವಣಗೆರೆಯಿಂದ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟ್ ಇದೆ. ಬಸ್ ಸ್ಟ್ಯಾಂಡ್ ಹತ್ತಿರ ನಮಗೊಂದು ರೂಮು ಸಿಕ್ಕಿದೆ. ಬೇರೆ ಕಡೆಯಿಂದ ದುಡಿಯಲು ಬಂದವರಿಗೆ, ಕೈಯಲ್ಲಿ ಏನೂ ಇಲ್ಲದವರಿಗೆ ಅಲ್ಲಿ ಕೂತು ಸಹಾಯ ಮಾಡಬೇಕು ಅಂತ ನಾವು ಕೆಲವರು ಸೇರಿದ್ದೇವೆ. ಊರಿನ ರೇಷನ್ ಕಾರ್ಡಿಗೆ ಇಲ್ಲೇ ಅಕ್ಕಿ ಸಿಗುತ್ತದಾ ನೋಡುವುದು, ಅಸಂಘಟಿತ ಕೆಲಸಗಾರರ ಇ-ಶ್ರಮ್ ಕಾರ್ಡ್ ಮಾಡಿಸುವುದು, ಕೂಲಿ ಬಾಕಿ ಇದ್ದರೆ ಅರ್ಜಿ ಬರೆದುಕೊಡುವುದು, ಮಕ್ಕಳನ್ನು ಶಾಲೆಗೆ ಸೇರಿಸುವುದು. ಪೇಂಟರ್ ನಾಳೆ ಸಂಜೆ ಬರುತ್ತಾನೆ. ಆರು ಅಡಿಗೆ ಎರಡು ಅಡಿ ತಗಡು, ಕನ್ನಡಕ್ಕೆ ಎರಡು ಸಾಲು, ಕೆಳಗೆ ಹಿಂದಿಗೆ ಒಂದು. "ವಲಸಿಗರ ಮತ್ತು ನಿರಾಶ್ರಿತರ ಸಹಾಯ ಕೇಂದ್ರ" ಅಂತ ಬರೆದುಕೊಂಡಿದ್ದೇನೆ. ಓದಿದರೆ ಏನೋ ಸರಿಹೋಗುತ್ತಿಲ್ಲ. ದಯವಿಟ್ಟು ಬೇಗ ಹೇಳಿ.

ಉತ್ತರ, ಮೈಸೂರಿನಿಂದ

ನಿರಾಶ್ರಿತ, ಸಹಾಯ, ಕೇಂದ್ರ. ಒಂದೇ ಸಾಲಿನಲ್ಲಿ ಮೂರು ಸಂಸ್ಕೃತ. "ನೆರವುಮನೆ" ಎಂದು ಬರೆಸಿ, ಮುಗಿಯಿತು. ಅದಕ್ಕಿಂತ ಒಳ್ಳೆಯದು ಬೇಕಾದರೆ "ಅರವಟ್ಟಿಗೆ". ಹಳಗನ್ನಡದಲ್ಲಿ ಅದು ಅಱವಟ್ಟಿಗೆ, ಶಕಟರೇಫ ಎಂಬ ಹಳೆಯ ಱ ಅಕ್ಷರದ್ದು. ಅಱ ಎಂದರೆ ಧರ್ಮ, ತಮಿಳಿನ ಅಱಂ ಕೂಡ ಇದೇ. ದಾರಿಹೋಕರಿಗೆ ನೀರು ಕೊಡುತ್ತಿದ್ದ ಜಾಗ. ನೀವು ಮಾಡಹೊರಟಿರುವುದೂ ಅದನ್ನೇ.

ಉತ್ತರ, ಬೆಂಗಳೂರಿನಿಂದ

ವಲಸೆ ತೆಲುಗಿನ ವಲಸ. ಗುಳೆ ನಮ್ಮದು. ಗುಳೆ ಹಾಕಿ.

ಉತ್ತರ, ಚಿತ್ರದುರ್ಗದಿಂದ

ವಲಸೆ ತೆಲುಗಿನದು ಅನ್ನುವ ಮಾತನ್ನು ಇಲ್ಲಿಗೆ ಬಿಡೋಣ. ತೆಲುಗಿನಲ್ಲಿ ವಲಸ, ತಮಿಳಿನಲ್ಲಿ ವಲಸೈ, ನಮ್ಮಲ್ಲಿ ವಲಸೆ. ಮೂರೂ ಮನೆಯಲ್ಲಿ ಇರುವ ಪದವನ್ನು ಒಬ್ಬರ ಮನೆಯಿಂದ ತಂದದ್ದು ಅಂತ ಯಾಕೆ ಹೇಳಬೇಕು?

ನನಗೆ ತಕರಾರು ಇರುವುದು "ವಲಸಿಗ"ದ ಮೇಲೆ. ಗಾಣಿಗ, ಲೆಕ್ಕಿಗ, ಕನ್ನಡಿಗ. ಈ "ಇಗ" ಅಂಟಿಕೊಂಡರೆ ಅದು ಆ ಮನುಷ್ಯನ ಕಸುಬು, ಇಲ್ಲವೇ ಗುರುತು ಆಗುತ್ತದೆ. ಬಿತ್ತನೆ ಹೊತ್ತಿಗೆ ಊರಿಗೆ ವಾಪಸ್ ಹೋಗುವವನು ವಲಸಿಗ ಹೇಗಾದ? ಅವನು ವಲಸೆ ಬಂದವನು, ಅಷ್ಟೇ. ಮತ್ತೆ ಹೆಂಗಸರಿಗೆ ಏನು ಅನ್ನುತ್ತೀರಿ? ಗಾಣಿಗಿತ್ತಿ ಇದ್ದಾಳೆ, ವಲಸಿಗಿತ್ತಿ ಅಂತ ಯಾರ ಬಾಯಲ್ಲೂ ಕೇಳಿಲ್ಲ.

"ಗುಳೆ"ಯ ತೊಂದರೆ ಬೇರೆ. ನಮ್ಮ ಕಡೆ ಬಾಯಿಮಾತಿನಲ್ಲಿ ಗುಳೆ ಹೋಗುತ್ತಾರೆ, ಗುಳೆ ಏಳುತ್ತಾರೆ. ಗುಳೆ ಬರುವುದಿಲ್ಲ. ಊರಲ್ಲಿ ಉಳಿದವರು ಹೋದವರ ಬಗ್ಗೆ ಆಡುವ ಮಾತು ಅದು. ನಾನು ಜಗಳೂರು ಕಡೆಯವನು. ಮಳೆ ಕೈಕೊಟ್ಟ ವರ್ಷ ಅಪ್ಪ ಅಮ್ಮ ಕಾಫಿ ಸೀಮೆಗೆ ಹೋಗುತ್ತಿದ್ದರು. ಬಾಗಿಲಿಗೆ ಬೀಗ, ಬೀಗದ ಮುಂದೆ ಒಂದು ಜಾಲಿ ಮುಳ್ಳಿನ ಕೊಂಬೆ, ತಲೆಯ ಮೇಲೆ ಪಾತ್ರೆ ಕಟ್ಟಿದ ಗಂಟು. ನೆರೆಯವರು "ಗುಳೆ ಹೋದರು" ಅನ್ನುತ್ತಿದ್ದರು. ಅಮ್ಮ ಒಂದು ದಿನವೂ ಆ ಪದ ಬಳಸಲಿಲ್ಲ. "ದುಡಿಯಾಕೆ ಹೋಗಿ ಬರ್ತೀವಿ" ಅನ್ನುತ್ತಿದ್ದಳು. ನಮ್ಮ ಸೀಮೆಯ ಕೆಲವು ಊರುಗಳಲ್ಲಿ ಹೊರಬೀಡು ಅಂತ ಮಾಡುತ್ತಾರೆ, ಇಡೀ ಊರು ಖಾಲಿಯಾಗಿ ಒಂದು ದಿನ ಹೊರಗೆ ಅಡುಗೆ ಮಾಡಿ ಉಂಡು ವಾಪಸ್ ಬರುತ್ತದೆ. ಅದು ಹಬ್ಬ. ಗುಳೆ ಅನ್ನುವಾಗ ಮನಸ್ಸಿಗೆ ಬರುವುದೂ ಖಾಲಿ ಊರೇ, ಆದರೆ ಯಾರಿಗೂ ಅದು ತಮ್ಮ ಬಾಗಿಲ ಮೇಲೆ ಬೇಡ.

"ನಿರಾಶ್ರಿತ" ಮಾತ್ರ ಖಂಡಿತ ಬೇಡ. ದೇಶ ಬಿಟ್ಟು ಬಂದ ಟಿಬೆಟಿನವರಿಗೂ ಅದೇ ಪದ ಬಳಸಿದ್ದೇವೆ, ಆ ಅರ್ಥ ಒಂದು ಕಡೆ ಇರಲಿ. ನಮ್ಮ ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಅದರ ಪ್ರಕಾರ ಭಿಕ್ಷೆ ಬೇಡುವವರನ್ನು ಹಿಡಿದು ಇಡುವ ಜಾಗದ ಹೆಸರು ನಿರಾಶ್ರಿತರ ಪರಿಹಾರ ಕೇಂದ್ರ. ಫುಟ್‌ಪಾತಿನಲ್ಲಿ ಮಲಗುವವನಿಗೆ ನಿಘಂಟಿನ ಅರ್ಥ ಬೇಕಿಲ್ಲ, ಹಿಡಿದೊಯ್ಯುವ ಆ ವ್ಯಾನು ಗೊತ್ತು. ನಿಮ್ಮ ಬೋರ್ಡು ನೋಡಿ ಅವನು ಆಚೆ ರಸ್ತೆಗೆ ದಾಟುತ್ತಾನೆ. "ಆಶ್ರಯ" ಅಂತ ಬದಲಿಸಿದರೂ ಕಷ್ಟ. ಆಶ್ರಯ ಮನೆ ಅರ್ಜಿ ಇಲ್ಲೇ ಕೊಡುತ್ತಾರೆ ಅಂತ ಜನ ಸಾಲು ನಿಲ್ಲುತ್ತಾರೆ.

"ವಲಸೆ ಕಾರ್ಮಿಕ" ಸರಿ ಅನ್ನಿಸಬಹುದು. ಆದರೆ 2025ರವರೆಗೆ ಇದ್ದ 1979ರ ಕಾಯ್ದೆಯಲ್ಲಿ ಅದು ಅಂತರರಾಜ್ಯ ವಲಸೆ ಕಾರ್ಮಿಕ ಅಂತ ಇತ್ತು, ಅಂದರೆ ಗುತ್ತಿಗೆದಾರನ ಮೂಲಕ ರಾಜ್ಯದ ಗಡಿ ದಾಟಿ ಬಂದವನು. ಬಿಹಾರದಿಂದ ಹಾಗೆ ಬಂದವನು ಆ ಲೆಕ್ಕಕ್ಕೆ ಸೇರುತ್ತಿದ್ದ, ಇದೇ ರಾಜ್ಯದ ಮೊಳಕಾಲ್ಮುರಿನವನು ಸೇರುತ್ತಿರಲಿಲ್ಲ. ನಿಮ್ಮ ರೂಮಿಗೆ ಇಬ್ಬರೂ ಬರಬೇಕು ಅಲ್ವಾ? ಇ-ಶ್ರಮ್‌ನವರೂ ಎಲ್ಲಿಂದ ಬಂದೆ ಅಂತ ನೋಡಿ ಬಿಡುವುದಿಲ್ಲ, 16ರಿಂದ 59 ವಯಸ್ಸಿನ ಅಸಂಘಟಿತ ಕೆಲಸಗಾರರೆಲ್ಲ ಹೆಸರು ಬರೆಸಬಹುದು.

ನನ್ನ ಸಲಹೆ ಇದು:
ದುಡಿಯಲು ಬಂದವರಿಗೆ ನೆರವು
ರೇಷನ್, ಕೂಲಿ ಬಾಕಿ, ಶಾಲೆ: ಒಳಗೆ ಬಂದು ಕೇಳಿ

ಉತ್ತರ, ಮೈಸೂರಿನಿಂದ

"ನೆರವು" ಉಳಿಯಿತು, ಸಂತೋಷ. ಆದರೆ "ರೇಷನ್"? ಪಡಿತರ ಎಂಬ ಪದ ಸತ್ತಿಲ್ಲ. ಬೋರ್ಡಿನಲ್ಲೂ ಇಂಗ್ಲಿಷ್ ಬರೆದರೆ ಇನ್ನು ಕನ್ನಡ ಎಲ್ಲಿ ಉಳಿಯುತ್ತದೆ? ಅರವಟ್ಟಿಗೆಗೆ ಯಾರೂ ಉತ್ತರ ಕೊಟ್ಟಿಲ್ಲ.

ಉತ್ತರ, ಚಿತ್ರದುರ್ಗದಿಂದ

ಮೇಷ್ಟ್ರೇ, ಅದೇ ಸಾಲಿನ "ಬಾಕಿ" ಅರಬ್ಬಿಯದು. ದಾವಣಗೆರೆಯವರು ಬರೆದುಕೊಡುವ ಅರ್ಜಿ, ನಾವಿಬ್ಬರೂ ಇರುವ ಜಿಲ್ಲೆ, ತಾಲ್ಲೂಕು ಕೂಡ ಆ ಕಡೆಯವೇ. ಅವುಗಳನ್ನು ನೀವು ಕೇಳಲಿಲ್ಲ, ರೇಷನ್ ಒಂದನ್ನೇ ಹಿಡಿದಿರಿ. ಪಡಿತರ ಒಳ್ಳೆಯ ಪದ, ಚೀಟಿಯ ಮೇಲೆ ಅಚ್ಚಾಗಿದೆ. ಆದರೆ ಚೀಟಿ ಹಿಡಿದು ನಿಂತವರು ರೇಷನ್ ಅನ್ನುತ್ತಾರೆ, ಸೊಸೈಟಿ ಅಕ್ಕಿ ಅನ್ನುತ್ತಾರೆ. ಅರವಟ್ಟಿಗೆ ಅಂದರೆ ಇಲ್ಲಿ ಬೇಸಿಗೆಯಲ್ಲಿ ಮಡಕೆ ಇಟ್ಟ ಚಪ್ಪರ. ನೀರು ಕುಡಿದು ಹೋಗುತ್ತಾರೆ, ಕೂಲಿ ಬಾಕಿ ಯಾರೂ ಕೇಳುವುದಿಲ್ಲ.

ಉತ್ತರ, ಮೈಸೂರಿನಿಂದ

ಬಳಕೆಯೇ ಎಲ್ಲ ಎನ್ನುವುದಾದರೆ ಇಲ್ಲಿ ಚರ್ಚೆ ಏಕೆ.

ಉತ್ತರ, ದಾವಣಗೆರೆಯಿಂದ

ಇಬ್ಬರಿಗೂ ವಂದನೆ. ಬೆಳಿಗ್ಗೆ ಎರಡು ಸಾಲನ್ನೂ ರಟ್ಟಿನ ಮೇಲೆ ದಪ್ಪಗೆ ಬರೆದು ರೂಮಿನ ಬಾಗಿಲಿಗೆ ಒರಗಿಸಿದೆ. ಕೂಡ್ಲಿಗಿ ಕಡೆಯಿಂದ ಬಂದ ಒಬ್ಬ ಅಮ್ಮ, ಸೊಂಟದಲ್ಲಿ ಮಗು, ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದರು. "ದುಡಿಯಾಕೆ ಬಂದವರಿಗೆ... ಹೂಂ, ನಾವೇ" ಅಂದರು. ಆಮೇಲೆ "ನೆರವು ಅಂದ್ರೆ ಸಾಲ ಕೊಡೋದೇನಪ್ಪ?" ಅಂತ ಕೇಳಿದರು. ಅವರು ನೋಡಿದ್ದು ಸಾಲದ ಚೀಟಿಗಳಲ್ಲಿ ಇರುವ "ಆರ್ಥಿಕ ನೆರವು" ಇರಬೇಕು. ಸಹಾಯ ಅಂತ ತಿದ್ದಿ ತೋರಿಸಿದೆ. ಸೀದಾ ಒಳಗೆ ಬಂದು ಕೂತರು, ಗಂಡನ ಎರಡು ವಾರದ ಕೂಲಿ ಬರಬೇಕಂತೆ.

ಹಾಗಾಗಿ ಸಹಾಯ ಉಳಿಸುತ್ತಿದ್ದೇನೆ, ರೇಷನ್ ಕೂಡ. ಮೈಸೂರಿನವರು ಬೇಸರ ಮಾಡಿಕೊಳ್ಳಬಾರದು. ಹಿಂದಿ ಸಾಲು ಹೇಗೆ ಬರೆಯಬೇಕು ಅಂತ ಯಾರಾದರೂ ತಿಳಿದವರು ಹೇಳಿ. ಪೇಂಟರ್ ಆರು ಗಂಟೆಗೆ ಬರುತ್ತಾನೆ.