ಐಸಿಯುನಲ್ಲಿರುವ ಅಪ್ಪನನ್ನು ಅಧ್ಯಯನಕ್ಕೆ ಸೇರಿಸಲು ಸೈನ್ ಕೇಳುತ್ತಿದ್ದಾರೆ, ಹಾಕಬಹುದಾ?

ಪ್ರಶ್ನೆ (ನೀರ್ಚಾಲಿನಿಂದ ಒಬ್ಬ ಮಗಳು):
ಡಾಕ್ಟ್ರೇ, ನಮಸ್ಕಾರ. ನನ್ನ ಅಪ್ಪನಿಗೆ 63 ವರ್ಷ. ಅಡಿಕೆಗೆ ಎರಡನೇ ಸಲ ಮದ್ದು ಬಿಡಿಸುವಾಗ ಮಳೆಗೆ ನೆನೆದರು, ಜ್ವರ ಬಂತು, ನಾಲ್ಕೇ ದಿನದಲ್ಲಿ ನ್ಯುಮೋನಿಯಾ. ಈಗ ಕಣ್ಣೂರು ಕಡೆಯ ಒಂದು ಆಸ್ಪತ್ರೆಯ ಐಸಿಯುನಲ್ಲಿ ವೆಂಟಿಲೇಟರ್ ಹಾಕಿದ್ದಾರೆ, ಇವತ್ತಿಗೆ ಐದು ದಿನ. ನಿನ್ನೆ ಒಬ್ಬರು ಫಾರ್ಮ್ ತಂದು ಸೈನ್ ಹಾಕಿ ಅಂದರು. ರಕ್ತದ ಆಕ್ಸಿಜನ್ 90ರ ಆಸುಪಾಸು ಇದ್ದರೆ ಸಾಕಾ, ಜಾಸ್ತಿ ಇಡಬೇಕಾ ಅಂತ ನೋಡುವ ಅಧ್ಯಯನವಂತೆ, ಯಾರಿಗೆ ಯಾವುದು ಅಂತ ಕಂಪ್ಯೂಟರ್ ಆರಿಸುತ್ತದಂತೆ. ಫಾರ್ಮ್ ಇಂಗ್ಲಿಷಿನಲ್ಲಿ ಮತ್ತು ಮಲಯಾಳದಲ್ಲಿ ಉಂಟು. ಅಮ್ಮನಿಗೆ ಎರಡೂ ಓದಲು ಬರುವುದಿಲ್ಲ. ಉಸಿರಿಗೆ ಒದ್ದಾಡುವವರಿಗೆ ಆಕ್ಸಿಜನ್ ಕಡಿಮೆ ಕೊಡುವುದೆಂದರೆ ಎಂತ? ಅಪ್ಪನ ಮೇಲೆ ಪ್ರಯೋಗವಾ? ಬೇಡ ಅಂದರೆ ಸರಿಯಾಗಿ ನೋಡುವುದಿಲ್ಲವೋ ಅಂತ ಹೆದರಿಕೆ. ಸಂಜೆ ಉತ್ತರ ಹೇಳಬೇಕು.

ಉತ್ತರ (ಐಸಿಯು ಡಾಕ್ಟರ್, ಊರು ಪೆರ್ಲ):
ತಂಗೀ, ಕೊನೆಯ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ನಿದ್ದೆ ಕೆಡಿಸಿರುವುದು ಅದೇ. ನೀವು ಬೇಡ ಅಂದರೂ ಅಪ್ಪನ ಚಿಕಿತ್ಸೆ ಈಗಿನಂತೆಯೇ ನಡೆಯಬೇಕು. ಇವತ್ತು ಸೈನ್ ಹಾಕಿ ನಾಡಿದ್ದು ಮನಸ್ಸು ಬದಲಾದರೆ ಬೇಡ ಅನ್ನಬಹುದು, ಕಾರಣ ಹೇಳಬೇಕಾಗಿಲ್ಲ. ಅಪ್ಪನಿಗೆ ಎಚ್ಚರ ಬಂದು ಮಾತು ತಿಳಿಯುವಂತಾದ ಮೇಲೆ ಅವರನ್ನೂ ಕೇಳಬೇಕು.

ಓದಲು ಬಾರದ ಕಾಗದಕ್ಕೆ ಮಾತ್ರ ಸೈನ್ ಹಾಕಬೇಡಿ. ಮನೆಯವರಿಗೆ ಅರ್ಥವಾಗುವ ಭಾಷೆಯಲ್ಲಿ ವಿವರ ಕೊಡುವುದು ಅವರ ಕೆಲಸ, ನಿಮಗೆ ಮಾಡುವ ಉಪಕಾರವಲ್ಲ. ಕನ್ನಡದ ಪ್ರತಿ ಕೇಳಿ. ಪ್ರತಿ ಇಲ್ಲದಿದ್ದರೆ ಕನ್ನಡ ಬಲ್ಲವರು ಅಮ್ಮನ ಪಕ್ಕದಲ್ಲಿ ಕೂತು ಪೂರ್ತಿ ಓದಿ ಹೇಳಲಿ, ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬರು ಸಾಕ್ಷಿಯೂ ಇರಲಿ. ಕಾಸರಗೋಡಿನವರು ರೇಷನ್ ಕಾರ್ಡಿನಿಂದ ಹಿಡಿದು ಎಲ್ಲದಕ್ಕೂ ಕನ್ನಡದ ಪ್ರತಿ ಕೇಳಿ ಕೇಳಿ ಸುಸ್ತಾಗಿದ್ದೇವೆ, ಆದರೂ ಇಲ್ಲಿ ಬಿಡಬೇಡಿ.

ಇನ್ನು ಆಕ್ಸಿಜನ್. 90 ಅಂದರೆ ಉಸಿರು ಕಟ್ಟಿಸುವುದಲ್ಲ. ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸಿ ನೋಡುತ್ತಿದ್ದೆವಲ್ಲ, ಅದೇ ಲೆಕ್ಕ. ಆಕ್ಸಿಜನ್ ತುಂಬಾ ಜಾಸ್ತಿಯಾದರೆ ಅದೂ ಶ್ವಾಸಕೋಶಕ್ಕೆ ಪೆಟ್ಟು ಕೊಡುತ್ತದೆ. ಹಾಗಾಗಿ ಒಬ್ಬ ಡಾಕ್ಟರ್ 90ಕ್ಕೆ ಸಾಕು ಅನ್ನುತ್ತಾರೆ, ಇನ್ನೊಬ್ಬರಿಗೆ 96 ಆಗದೆ ಸಮಾಧಾನವಿಲ್ಲ. ಬ್ರಿಟನ್ನಿನಲ್ಲಿ 16,500 ಜನರನ್ನು ಹೀಗೆ ಎರಡು ಗುಂಪು ಮಾಡಿ ನೋಡಿದ ಫಲಿತಾಂಶ 2025ರಲ್ಲಿ ಬಂತು, ಎರಡರಲ್ಲೂ ಸಾವಿನ ಲೆಕ್ಕ ಹೆಚ್ಚುಕಡಿಮೆ ಒಂದೇ. ಅದಕ್ಕೂ ಮೊದಲು ಫ್ರಾನ್ಸಿನಲ್ಲಿ ಎಆರ್‌ಡಿಎಸ್ (ಶ್ವಾಸಕೋಶ ಊದಿಕೊಂಡು ಆಕ್ಸಿಜನ್ ಎಳೆಯಲಾರದ ಗಂಭೀರ ಸ್ಥಿತಿ) ರೋಗಿಗಳಿಗೆ 88ರಿಂದ 92ರ ಒಳಗೆ ಇಟ್ಟು ನೋಡಿದ್ದರು. ಆ ಗುಂಪಿನಲ್ಲಿ ಕೆಲವರ ಕರುಳಿಗೆ ರಕ್ತ ಸಾಲದೆ ಹೋದದ್ದು ಕಂಡು, 205 ಜನ ಸೇರಿದಾಗಲೇ ನಿಲ್ಲಿಸಿಬಿಟ್ಟರು. ಇದನ್ನು ಹೆದರಿಸಲು ಹೇಳುತ್ತಿಲ್ಲ. ಒಳ್ಳೆಯ ಅಧ್ಯಯನದಲ್ಲಿ ನಡುನಡುವೆ ಲೆಕ್ಕ ನೋಡಿ, ತೊಂದರೆ ಕಂಡರೆ ನಿಲ್ಲಿಸಲು ಹೊರಗಿನವರ ಒಂದು ತಂಡ ಇರುತ್ತದೆ. ನಿಮ್ಮಲ್ಲಿ ಅಂಥವರು ಯಾರು, ಇಷ್ಟೆಲ್ಲ ಆದ ಮೇಲೂ ನೀವು ಹುಡುಕುತ್ತಿರುವುದು ಏನು ಅಂತ ಫಾರ್ಮ್ ತಂದವರ ಮುಖ ನೋಡಿ ಕೇಳಿ. ಉತ್ತರ ಸರಿಯಾಗಿ ಬಂದರೆ ನಂಬಬಹುದು.

ಪ್ರಯೋಗವಾ ಅಂತ ಕೇಳಿದಿರಿ. ಹೌದು, ಚೀಟಿ ಎತ್ತಿದ ಹಾಗೆ ಗುಂಪು ಹಂಚುತ್ತಾರೆ. ಆದರೆ ಅಪ್ಪನನ್ನು ಐಸಿಯುಗೆ ಸೇರಿಸಿಕೊಂಡ ದಿನ ಒಬ್ಬ ನರ್ಸ್ ಟೇಪ್ ಹಿಡಿದು ಹಾಸಿಗೆಯಲ್ಲೇ ಅವರ ಎತ್ತರ ಅಳೆದಿರುತ್ತಾರೆ, ನೀವು ಗಮನಿಸಿರಲಿಕ್ಕಿಲ್ಲ. ವೆಂಟಿಲೇಟರ್ ಒಂದೊಂದು ಉಸಿರಿಗೆ ಎಷ್ಟು ಗಾಳಿ ತಳ್ಳಬೇಕು ಅನ್ನುವುದನ್ನು ಎತ್ತರದಿಂದ ಲೆಕ್ಕ ಹಾಕುತ್ತೇವೆ. ಹೊಟ್ಟೆ ಬಂದರೆ ಶ್ವಾಸಕೋಶ ದೊಡ್ಡದಾಗುವುದಿಲ್ಲ ಅಲ್ವಾ? ಅಪ್ಪ 165 ಸೆಂಟಿಮೀಟರ್ ಇದ್ದರೆ ಲೆಕ್ಕದ ತೂಕ ಸುಮಾರು 61 ಕಿಲೋ, ಕಿಲೋಗೆ 6 ಮಿಲಿಯಂತೆ ಒಂದು ಉಸಿರಿಗೆ ಸುಮಾರು 370 ಮಿಲಿ. ಹಿಂದೆ ಇದರ ಎರಡರಷ್ಟು ತಳ್ಳುತ್ತಿದ್ದರು, ಅದು ಜಾಸ್ತಿ ಅಂತ ತಿಳಿದದ್ದೂ ಇಂಥ ಪ್ರಯೋಗದಿಂದಲೇ. ಅಮೆರಿಕದಲ್ಲಿ 861 ರೋಗಿಗಳಿಗೆ ಕಿಲೋಗೆ 12 ಮಿಲಿ ಮತ್ತು 6 ಮಿಲಿ ಹಂಚಿ ನೋಡಿದಾಗ ಸತ್ತವರು ನೂರಕ್ಕೆ 40ರಿಂದ 31ಕ್ಕೆ ಇಳಿದರು. ಅದು ಪ್ರಕಟವಾದದ್ದು 2000ದಲ್ಲಿ. ಆ ಮನೆಗಳಲ್ಲೂ ಯಾರೋ ಒಬ್ಬರು ನಿಮ್ಮ ಹಾಗೆ ಐಸಿಯು ಹೊರಗಿನ ಬೆಂಚಿನಲ್ಲಿ ಫಾರ್ಮ್ ಹಿಡಿದು ಕೂತಿದ್ದರು. ನಾನು ಅದನ್ನು ಮರೆಯುವುದಿಲ್ಲ.

ಪ್ರಶ್ನೆ (ಮಂಜೇಶ್ವರದಿಂದ):
ಕೋವಿಡ್‌ನಲ್ಲಿ ನಮ್ಮ ಭಾವನನ್ನು ಇಡೀ ದಿನ ಕವುಚಿ ಮಲಗಿಸಿದ್ದರು. ಅದೂ ಹೀಗೆ ಕಲಿತದ್ದಾ?

ಉತ್ತರ:
ಹೌದು, ಅದೂ ಒಂದೇ ಸಲಕ್ಕೆ ತಿಳಿದದ್ದಲ್ಲ. ಇಟಲಿಯ ಡಾಕ್ಟರುಗಳು ದಿನಕ್ಕೆ ಆರೇಳು ಗಂಟೆ ಕವುಚಿ ಮಲಗಿಸಿ ನೋಡಿ 2001ರಲ್ಲಿ ಬರೆದರು. ಆಕ್ಸಿಜನ್ ಏರಿತು, ಆದರೆ ಸಾವು ಕಡಿಮೆಯಾಗಲಿಲ್ಲ. ಬೇರೆಯವರಾದರೆ ಅಲ್ಲಿಗೇ ಬಿಡುತ್ತಿದ್ದರು. ಫ್ರಾನ್ಸಿನವರು ತುಂಬಾ ಗಂಭೀರ ಇದ್ದವರನ್ನೇ ಆರಿಸಿ, ಒಂದೇ ಸಮ 16 ಗಂಟೆ ಕವುಚಿ ಮಲಗಿಸಿದರು. ಕವುಚಿ ಮಲಗಿಸದ ಗುಂಪೂ ಸೇರಿ ಒಟ್ಟು 466 ಜನ. 28 ದಿನದೊಳಗಿನ ಸಾವು ನೂರಕ್ಕೆ 33ರಿಂದ 16ಕ್ಕೆ ಬಂತು, 2013ರಲ್ಲಿ. ಮದ್ದಿಲ್ಲ, ಹೊಸ ಮೆಷಿನ್ ಇಲ್ಲ, ಬರೇ ಮಗ್ಗುಲು ಬದಲಿಸಿದ್ದು.

ಬರೇ ಅಂದೆ, ಆದರೆ ನಮಗೆ ಅದು ಸುಲಭದ ಕೆಲಸವಲ್ಲ. ಐದು ಜನ ಬೇಕು. ತಲೆಯ ಹತ್ತಿರ ನಿಂತವರು ಗಂಟಲಿನ ಟ್ಯೂಬನ್ನು ಕೈಯಿಂದ ಬಿಡುವುದೇ ಇಲ್ಲ, ಅವರು ಒಂದು, ಎರಡು, ಮೂರು ಎಣಿಸಿದ ಮೇಲೆಯೇ ಉಳಿದವರು ಹೊರಳಿಸುವುದು. ಆಮೇಲೆ ಕಣ್ಣು ಒತ್ತಿದೆಯಾ, ಕಿವಿ ಮಡಚಿದೆಯಾ ನೋಡಬೇಕು, ಆಗಾಗ ಮುಖದ ದಿಕ್ಕು ಬದಲಿಸಬೇಕು. ನಿಮ್ಮ ಭಾವನ ಗಲ್ಲದಲ್ಲಿ ಕಲೆ ಉಳಿದಿದ್ದರೆ ಅದು ಆಗಿನದ್ದೇ ಇರಬಹುದು.

ಪ್ರಶ್ನೆ (ಬದಿಯಡ್ಕದಿಂದ):
ಅಧ್ಯಯನದ ಖರ್ಚನ್ನು ಬಿಲ್ಲಿಗೆ ಸೇರಿಸುತ್ತಾರಾ?

ಉತ್ತರ:
ಸೇರಿಸಬಾರದು. ಅಧ್ಯಯನಕ್ಕಾಗಿಯೇ ಮಾಡುವ ಟೆಸ್ಟಿನ ದುಡ್ಡು ಅವರದ್ದು. ಅಧ್ಯಯನದಿಂದಲೇ ತೊಂದರೆಯಾದರೆ ಅದರ ಚಿಕಿತ್ಸೆಯೂ ಅವರದ್ದೇ. ಫಾರ್ಮಿನಲ್ಲಿ ಎಥಿಕ್ಸ್ ಕಮಿಟಿಯ (ಅಧ್ಯಯನದಲ್ಲಿ ರೋಗಿಗೆ ಅನ್ಯಾಯವಾಗದಂತೆ ನೋಡುವ ಸಮಿತಿ) ಫೋನ್ ನಂಬರ್ ಇರಬೇಕು, ಸಿಟಿಆರ್‌ಐ (ದೇಶದ ಇಂಥ ಅಧ್ಯಯನಗಳ ಪಟ್ಟಿ) ಅಂತ ಶುರುವಾಗುವ ನೋಂದಣಿ ನಂಬರನ್ನೂ ಕೇಳಿ. ಕೇಂದ್ರ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ 2007ರಿಂದ ಆ ಪಟ್ಟಿ ಇಟ್ಟಿದೆ, ಫೋನಿನಲ್ಲೇ ಯಾರು ಬೇಕಾದರೂ ತೆಗೆದು ನೋಡಬಹುದು.

ಪ್ರಶ್ನೆ (ನೀರ್ಚಾಲಿನಿಂದ, ಮತ್ತೆ):
ಡಾಕ್ಟ್ರೇ, ಬೆಳಿಗ್ಗೆ ಮಂಪರಿನ ಮದ್ದು ನಿಲ್ಲಿಸಿ ಎಬ್ಬಿಸಿ ನೋಡಿದರಂತೆ. ಹೇಳಿದ್ದು ತಿಳಿಯುವುದಿಲ್ಲ, ಗೊಂದಲದಲ್ಲಿದ್ದಾರೆ ಅಂದರು. ಅಮ್ಮ ಅಳುತ್ತಿದ್ದಾರೆ. ಎಬ್ಬಿಸುವುದಾದರೂ ಯಾಕೆ? ಮಲಗಿರಲಿ ಅಲ್ವಾ?

ಉತ್ತರ:
ಎಬ್ಬಿಸಿದ್ದು ಒಳ್ಳೆಯದೇ. ಷಿಕಾಗೋದಲ್ಲಿ 128 ಜನರ ಮೇಲೆ ನೋಡಿದ್ದಾರೆ, ದಿನಾ ಒಮ್ಮೆ ಮಂಪರು ಇಳಿಸಿದವರು ಸುಮಾರು 5 ದಿನದಲ್ಲಿ ವೆಂಟಿಲೇಟರ್ ಬಿಟ್ಟರು, ಉಳಿದವರಿಗೆ 7 ದಿನ ದಾಟಿತು.

ಆದರೆ ಒಂದು ಮಾತು ಕೇಳುತ್ತೇನೆ. ಕೈ ಒತ್ತಿ, ಕಣ್ಣು ಬಿಡಿ ಅಂತ ಅವರು ಯಾವ ಭಾಷೆಯಲ್ಲಿ ಹೇಳಿದರು? ಅಪ್ಪನಿಗೆ ಮಲಯಾಳ ಎಷ್ಟು ಬರುತ್ತದೆ?

ಪ್ರಶ್ನೆ (ನೀರ್ಚಾಲಿನಿಂದ):
ಪೇಟೆಯಲ್ಲಿ ವ್ಯವಹಾರಕ್ಕಾಗುವಷ್ಟು. ಮನೆಯಲ್ಲಿ ಕನ್ನಡ, ಕೆಲಸದವರ ಹತ್ತಿರ ತುಳು. ಕಿವಿಯೂ ಸ್ವಲ್ಪ ಮಂದ, ಮೆಷಿನ್ ಹಾಕುತ್ತಾರೆ. ಅದು ಮನೆಯಲ್ಲೇ ಉಂಟು!

ಉತ್ತರ:
ಹಾಗಾದರೆ ಗೊಂದಲ ಅಂತ ಈಗಲೇ ಒಪ್ಪಬೇಡಿ. ಮಂಪರಿನಿಂದ ಏಳುವವರು ಅರ್ಧ ಬರುವ ಭಾಷೆಯನ್ನು ಹಿಡಿಯಲಾರರು, ಅದರ ಮೇಲೆ ಕಿವಿಯೂ ಕೇಳದಿದ್ದರೆ ಮತ್ತೇನು ಮಾಡುತ್ತಾರೆ? ಇವತ್ತೇ ಮೆಷಿನ್ ತರಿಸಿ, ಕನ್ನಡಕ ಇದ್ದರೆ ಅದನ್ನೂ. ಒಂದು ರಟ್ಟಿನಲ್ಲಿ 'ಕಣ್ಣು ಬಿಡಿ', 'ಕೈ ಒತ್ತಿ', 'ನೋವುಂಟಾ' ಇಷ್ಟನ್ನು ಕನ್ನಡದ ಉಚ್ಚಾರದಲ್ಲೇ ಮಲಯಾಳ ಅಕ್ಷರದಲ್ಲಿ ಬರೆದು ನರ್ಸಿಗೆ ಕೊಡಿ. ಅವರು ಖುಷಿಯಿಂದ ಓದುತ್ತಾರೆ, ನಾನು ನೋಡಿದ್ದೇನೆ. ಮುಂದಿನ ಸಲ ಎಬ್ಬಿಸುವಾಗ ನಿಮ್ಮಲ್ಲಿ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ ಅಂತ ಕೇಳಿಕೊಳ್ಳಿ. ಇವತ್ತು ಯಾವ ವಾರ, ಎಲ್ಲಿದ್ದೀರಿ, ತೋಟಕ್ಕೆ ಮದ್ದು ಬಿಟ್ಟು ಮುಗಿಯಿತು ಅಂತ ಹೇಳಿ. ಸುಮ್ನೆ ಮಾತಾಡಿದರೂ ಸಾಕು.

ಪ್ರಶ್ನೆ (ನೀರ್ಚಾಲಿನಿಂದ, ರಾತ್ರಿ):
ರಟ್ಟು ಬರೆದು ಕೊಟ್ಟೆವು. ಮೆಷಿನನ್ನು ತಮ್ಮ ಬಸ್ಸಿನಲ್ಲಿ ತರುತ್ತಿದ್ದಾನೆ. ನಾಳೆ ಹತ್ತು ಗಂಟೆಗೆ ಕನ್ನಡ ಬರುವ ಒಬ್ಬರು ಡಾಕ್ಟರ್ ಅಮ್ಮನಿಗೆ ಫಾರ್ಮ್ ಓದಿ ಹೇಳುತ್ತಾರಂತೆ. ಅಲ್ಲಿಯವರೆಗೆ ಸೈನ್ ಹಾಕುವುದಿಲ್ಲ ಅಂತ ಅಮ್ಮನೇ ಹೇಳಿ ಬಂದರು.