ಮರು: ಪೈಪ್ ತಂಬಾಕು ಇಡುವ 'ಜಾರ್'ಗೆ ಕನ್ನಡದಲ್ಲಿ ಏನು? (ತುರ್ತು)

> ಪುಣೆಯ ಒಂದು ಅಂಗಡಿಗೆ ಕನ್ನಡ ಚೀಟಿ ಮಾಡಿಕೊಡ್ತಿದ್ದೇನೆ. ತಂಬಾಕು ವರ್ಷಗಟ್ಟಲೆ ಇಡೋಕೆ 'ಏರ್‌ಟೈಟ್ ಗ್ಲಾಸ್ ಜಾರ್' ಅಂತ ಇದೆ. ನಾಳೆ ಸಂಜೆ ಅಚ್ಚಿಗೆ ಹೋಗುತ್ತೆ.

ಗಾಳಿಯಾಡದ ಗಾಜಿನ ಭರಣಿ. ಹೀಗೇ ಬರೆದು ಕಳಿಸಿ. ಅವಸರವಿದ್ದರೆ ಮುಂದಿನದನ್ನು ಆಮೇಲೆ ಓದಿ.

ಉಳಿದವರಿಗೆ ಒಂದು ಮಾತು. ನಿನ್ನೆಯಿಂದ ಇಷ್ಟೊಂದು ಉತ್ತರ ಬಂದಿವೆ, ಆ ಪಾತ್ರೆ ಮಾಡಬೇಕಾದ ಕೆಲಸ ಏನು ಅಂತ ಒಬ್ಬರೂ ಕೇಳಿಲ್ಲ. ಅದು ಗೊತ್ತಿಲ್ಲದೆ ಪದ ಹುಡುಕಿ ಏನು ಪ್ರಯೋಜನ?

> 'ವಾಯುನಿರೋಧಕ ಕಾಚಪಾತ್ರೆ' ಸೂಕ್ತ.

ಅಲ್ಲ. ಚಕ್ಕುಲಿ ಕರಿದ ದಿನ ನಿಮ್ಮ ಮನೆಯಲ್ಲಿ ಹೀಗೆ ಅನ್ನುತ್ತಾರಾ? 'ಗಾಳಿಯಾಡದ' ಅನ್ನೋದು ಅಡುಗೆಮನೆಯಲ್ಲಿ ಆಗಲೇ ಬಳಕೆಯಲ್ಲಿದೆ. ಇದ್ದ ಪದ ಬಿಟ್ಟು ಹೊಸದು ಕಟ್ಟಬೇಡಿ.

> 'ಡಬ್ಬಿ' ಸಾಕು, ಎಲ್ಲರಿಗೂ ಗೊತ್ತು.

ಗೊತ್ತಿರುವುದೇ ತೊಂದರೆ. ಡಬ್ಬಿ ಅಂದ ಕೂಡಲೇ ಕಣ್ಣಿಗೆ ಬರೋದು ತಗಡು, ಇಲ್ಲಾ ಪ್ಲಾಸ್ಟಿಕ್. ಎರಡೂ ಇದಕ್ಕೆ ಆಗಿಬರಲ್ಲ. ನಮ್ಮ ದೊಡ್ಡಪ್ಪ ಮುಂಬಯಿಯ ಮಾಟುಂಗದಲ್ಲಿದ್ದಾಗ ಪೈಪ್ ಸೇದುತ್ತಿದ್ದರು. ತಂಬಾಕು ಬಂದ ತಗಡಿನ ಡಬ್ಬಿಯಲ್ಲೇ ಇಟ್ಟಿರುತ್ತಿದ್ದರು. ಅದು ಒಮ್ಮೆ ತೆರೆದರೆ ಮತ್ತೆ ಬಿಗಿಯಾಗಿ ಕೂರಲ್ಲ. ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಮುಚ್ಚಳದ ಒಳಗೆ ಸುತ್ತಲೂ ತುಕ್ಕು, ತಂಬಾಕಿಗೆ ಮುಗ್ಗಲು ವಾಸನೆ. ಮುಂದಿನ ಸಲ ಪ್ಲಾಸ್ಟಿಕ್ ಡಬ್ಬಿಗೆ ಹಾಕಿದರು. ಅದರಲ್ಲಿ ಮೊದಲು ಮೆಂತ್ಯ ಇತ್ತು. ತಿಂಗಳಾದ ಮೇಲೆ ಪೈಪ್ ಹಚ್ಚಿದರೆ ಒಗ್ಗರಣೆ ಸೀದ ವಾಸನೆ! ಕೊನೆಗೆ ದೊಡ್ಡಮ್ಮ ತಂತಿಯ ಕೊಕ್ಕೆ ಇರುವ ಒಂದು ಗಾಜಿನ ಬರಣಿ ಕೊಟ್ಟರು. ಉಪ್ಪಿನಕಾಯಿ ವಾಸನೆ ರಬ್ಬರಿನಿಂದ ಹೋಗಲ್ಲ ಅಂತ ಹಳೆಯ ರಬ್ಬರ್ ಬಳೆ ಕಿತ್ತು ಹೊಸದು ಹಾಕಿ, ಬರಣಿಯನ್ನು ಬಿಸಿನೀರಲ್ಲಿ ತೊಳೆದು ಎರಡು ದಿನ ಬಿಸಿಲಿಗಿಟ್ಟ ಮೇಲೇ ಕೊಟ್ಟದ್ದು. ದೊಡ್ಡಪ್ಪ ಒಂದು ಚಿಟಿಕೆ ಎಲೆ ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ಮೆಲ್ಲಗೆ ಬಿಚ್ಚಿಕೊಂಡರೆ ಹದ. ಮುದ್ದೆಯಾಗಿ ನಿಂತರೆ ಒದ್ದೆ ಜಾಸ್ತಿ, ಬೂಸು ಹಿಡಿಯುತ್ತದೆ. ಪುಡಿಯಾದರೆ ಒಣಗಿದೆ. ಹದ ಸಿಕ್ಕಮೇಲೆ ತುಂಬಿ, ಸ್ವಲ್ಪ ಗಾಳಿಗೆ ಜಾಗ ಬಿಟ್ಟು, ಕೊಕ್ಕೆ ಬಿಗಿದು ಕಪಾಟಿನ ಕತ್ತಲೆಗೆ. ಎರಡು ವರ್ಷ ಬಿಟ್ಟು ತೆಗೆದಾಗ ಒಣದ್ರಾಕ್ಷಿಯ ವಾಸನೆ ಬಂದದ್ದು ನನಗಿನ್ನೂ ನೆನಪಿದೆ.

ಅದಕ್ಕೇ ಭರಣಿ. ಉಪ್ಪಿನಕಾಯಿ ಕೆಡದಂತೆ ವರ್ಷವಿಡೀ ಕಾಯುವ ಪಾತ್ರೆ ಅನ್ನೋ ಅರ್ಥ ಆ ಪದದಲ್ಲೇ ಕೂತಿದೆ.

> ಭರಣಿ ಮರಾಠಿ. ಮುಂಬಯಿಯವರಿಗೆ ಅದೇ ಅಭ್ಯಾಸ.

ತಪ್ಪು. ಮರಾಠಿ, ಕೊಂಕಣಿಯಲ್ಲಿ ಬರಣಿ ಇದೆ, ಮಲಯಾಳದಲ್ಲೂ ಭರಣಿ ಇದೆ. ಕೇರಳದವರು ಪುಣೆಗೆ ಬಂದು ಕಲಿತರಾ? ಪಡುವಣ ಕರಾವಳಿ ಉದ್ದಕ್ಕೂ ಓಡಾಡುವ ಪದ ಅದು. ಇನ್ನು ಮಹಾಪ್ರಾಣ ಬೇಡ, 'ಬರಣಿ' ಬರೆಯಿರಿ ಅಂದವರಿಗೆ: ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರ ವಾದ ನನಗೂ ಗೊತ್ತು, ಮಾತಿನಲ್ಲಿ ನಾನೂ ಬರಣಿ ಅಂತಲೇ ಅನ್ನೋದು. ಆದರೆ ಅಂಗಡಿಯ ಚೀಟಿ ಆ ಜಗಳಕ್ಕೆ ಜಾಗವಲ್ಲ.

> ಜಾಡಿ? ಅದೂ ಇಂಗ್ಲಿಷ್ ಜಾರ್‌ನಿಂದ ಬಂದದ್ದೇ ಅಲ್ವಾ?

ಅಲ್ಲ. ಉಲಿ ಹತ್ತಿರ ಇದೆ ಅಂತ ನಂಟು ಕಟ್ಟಬೇಡಿ. ಇಂಗ್ಲಿಷಿನ ಜಾರ್ ಅರಬ್ಬಿಯ 'ಜರ್ರ'ದಿಂದ ಫ್ರೆಂಚಿನ ಮೂಲಕ ಹೋದದ್ದು. ನಮ್ಮ ಜಾಡಿಗೆ ತಮಿಳಿನ ಸಾಡಿ, ಮಲಯಾಳದ ಚಾಡಿ ಜೊತೆಗಿವೆ. ಒಳ್ಳೆಯ ಪದವೇ. ಆದರೆ ಪುಣೆಯ ಕನ್ನಡಿಗರಲ್ಲಿ ಬೆಳಗಾವಿ, ವಿಜಯಪುರ ಕಡೆಯವರು ಬಹಳ, ಆ ಕಡೆ ಜಾಡಿ ಅಂದರೆ ಕಂಬಳಿಯೂ ಹೌದು. ತಂಬಾಕನ್ನು ಕಂಬಳಿಯಲ್ಲಿ ಸುತ್ತಿಡಬೇಕಾ ಅಂತ ಯಾರೂ ಕೇಳುವಂತಾಗಬಾರದು.

> ಪೋರ್ಚುಗೀಸರ 'ತಂಬಾಕು' ಯಾಕೆ? ಹೊಗೆಸೊಪ್ಪು ಅನ್ನಿ, ಪೈಪಿಗೆ ಚಿಲುಮೆ ಅನ್ನಿ.

ಹೊಗೆಸೊಪ್ಪು ಚೆಂದದ ಪದ, ನನಗೆ ತುಂಬಾ ಇಷ್ಟ. ಪಿರಿಯಾಪಟ್ಟಣ, ಹುಣಸೂರಿನ ರೈತರು ಇವತ್ತಿಗೂ ಹಾಗೇ ಅನ್ನುತ್ತಾರೆ. ಅದೇ ಬಾಯಲ್ಲಿ, ಸೊಪ್ಪು ಹದ ಮಾಡುವ ಮನೆಗೆ ಇಂಗ್ಲಿಷಿನ 'ಬಾರ್ನ್'ನಿಂದ ಬಂದ 'ಬ್ಯಾರನ್' ಅಂತಾರೆ. ಅವರ ಕನ್ನಡ ಕೆಟ್ಟಿದೆಯಾ? ಗಿಡವೇ ಅಮೆರಿಕದ್ದು, ಪೋರ್ಚುಗೀಸರು ತಂದದ್ದು, ಗೋವಾದಲ್ಲಿ ಕೂತು ಈ ಇಮೇಲ್ ಪಟ್ಟಿಗೆ ಬರೆಯುವವರಿಗೆ ಇದನ್ನು ನಾನು ಹೇಳಬೇಕಾ? ಬೆಳಗಾವಿ ಕಡೆಯ ನಿಪ್ಪಾಣಿಯವರಿಗೆ ತಂಬಾಕು ಅನ್ನೋದೇ ಮನೆಮಾತು. ಚೀಟಿ ಓದುವವರೂ ಅವರೇ. ಚಿಲುಮೆ ಖಂಡಿತ ಬೇಡ, ಅದು ನೆಟ್ಟಗಿನ ಕೊಳವೆ, ಸೇದುವ ರೀತಿಯೇ ಬೇರೆ. ಚುಂಗಾಣಿ ಸರಿಯಾದ ಪದ, ಆದರೆ ಈಗಿನವರಿಗೆ ಗೊತ್ತಿಲ್ಲ. ಪೈಪ್ ಇರಲಿ.

ಒಂದರಲ್ಲಿ ಮಾತ್ರ ನಾನು ಬಿಟ್ಟುಕೊಡಲ್ಲ. ನಿಮ್ಮ ಕರಡಿನಲ್ಲಿ 'ಪೌಚ್' ಇದೆ. ಸಂಚಿ ಅನ್ನಿ. ಎಲೆ ಅಡಿಕೆ ಸಂಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ ಜನ ನಾವು, ಅದೇ ವಸ್ತು, ಅದೇ ಕೆಲಸ. 'ಏಜಿಂಗ್'ಗೆ 'ವಯೋವೃದ್ಧಿ' ಅಂತ ಬರೆದದ್ದನ್ನು ಈಗಲೇ ಹೊಡೆದುಹಾಕಿ. ಮಾಗಿಸುವುದು. ಹಣ್ಣು ಮಾಗುತ್ತದೆ, ತಂಬಾಕೂ ಮಾಗುತ್ತದೆ.

ಚೀಟಿಗೆ ಹೀಗೆ ಹಾಕಿ:

'ನಾಲ್ಕು ದಿನಕ್ಕೆ ಸಂಚಿ ಸಾಕು. ಮಾಗಿಸಲು ಗಾಳಿಯಾಡದ ಗಾಜಿನ ಭರಣಿಯಲ್ಲಿ ಹಾಕಿ, ಬಿಸಿಲು ಬೀಳದ ಕಡೆ ಇಡಿ. ತುಂಬಿದ ತಿಂಗಳು, ವರ್ಷ: ____'

ಕೊನೆಯ ಗೆರೆಗೆ ಜಾಗ ಸಾಲದಿದ್ದರೆ ಅಕ್ಷರ ಸಣ್ಣದು ಮಾಡಿ, ಗೆರೆ ತೆಗೆಯಬೇಡಿ. ದೊಡ್ಡಪ್ಪನ ಒಂದು ಬರಣಿಯ ಮೇಲಿನ ಚೀಟಿ ಉದುರಿಹೋಗಿ, ಅದರಲ್ಲಿದ್ದದ್ದು ಯಾವ ವರ್ಷದ್ದು ಅಂತ ಅವರಿಗೇ ಗೊತ್ತಾಗಲಿಲ್ಲ.