ಟ್ಯಾಬ್ಲೆಟ್‌ಗೆ ಜೋಡಿಸಿದ ಕೀಬೋರ್ಡಿನಲ್ಲಿ ಕನ್ನಡ ಮೂಡುತ್ತಿಲ್ಲ, ಬರೆದದ್ದೂ ಉಳಿಯುತ್ತಿಲ್ಲ

ಪ್ರಶ್ನೆ:
ಬ್ಲಾಗ್ ಬರೆಯುವುದಕ್ಕೆಂದೇ 4 ಜಿಬಿ ರ‍್ಯಾಮ್ ಇರುವ, ಕಡಿಮೆ ಬೆಲೆಯ ಆಂಡ್ರಾಯ್ಡ್ ಟ್ಯಾಬ್ಲೆಟ್ ಮತ್ತು ಬ್ಲೂಟೂತ್ ಕೀಬೋರ್ಡ್ ಕೊಂಡಿದ್ದೇನೆ. ತೆರೆಯ ಮೇಲಿನ ಕೀಬೋರ್ಡಿನಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ಹೊರಗಿನದರಲ್ಲಿ ಇಂಗ್ಲಿಷ್ ಅಕ್ಷರಗಳೇ ಬೀಳುತ್ತವೆ. ಬ್ರೌಸರಿನಲ್ಲಿ ಬರೆಯುತ್ತಿರುವಾಗ ಚಿತ್ರ ಹುಡುಕಲು ಗ್ಯಾಲರಿಗೆ ಹೋಗಿ ಬಂದರೆ ಪುಟ ಮತ್ತೆ ಲೋಡ್ ಆಗಿ, ಕೊನೆಯ ಪ್ಯಾರಾಗಳು ಅಳಿಸಿಹೋಗಿರುತ್ತವೆ. ಕನ್ನಡ ಬೆರಳಚ್ಚಿನ ನುಡಿ ತಂತ್ರಾಂಶದಲ್ಲಿ ಕಗಪ (ಕನ್ನಡ ಗಣಕ ಪರಿಷತ್ತಿನ) ಕೀಲಿ ವಿನ್ಯಾಸಕ್ಕೆ ಒಗ್ಗಿದ ಕೈ ನನ್ನದು. ದಯವಿಟ್ಟು ತಿಳಿದವರು ದಾರಿ ತೋರಿಸಬೇಕು.

ಉತ್ತರ:
ಇವು ಎರಡು ಬೇರೆ ಬೇರೆ ತೊಂದರೆಗಳು. ತೆರೆಯ ಕೀಬೋರ್ಡಿಗೆ ಕನ್ನಡ ಸೇರಿಸಿದ ಮಾತ್ರಕ್ಕೆ ಅದೇ ವಿನ್ಯಾಸ ಹೊರಗಿನ ಕೀಬೋರ್ಡಿಗೆ ತಾನಾಗಿ ಅನ್ವಯವಾಗುವುದಿಲ್ಲ, ಏಕೆಂದರೆ ಹೊರಗಿನದು ಕಳಿಸುವುದು ಯಾವ ಕೀಲಿ ಒತ್ತಲಾಯಿತು ಎಂಬ ಸಂಕೇತವನ್ನಷ್ಟೇ. ಅದನ್ನು ಕನ್ನಡಕ್ಕೆ ತಿರುಗಿಸುವ ಕೆಲಸ ನೀವು ಆರಿಸಿಕೊಂಡ ಕೀಬೋರ್ಡ್ ಆ್ಯಪಿನದು. ಆದ್ದರಿಂದ ಹೊರಗಿನ ಕೀಬೋರ್ಡಿನಲ್ಲೂ ಕಗಪ ಒದಗಿಸುತ್ತೇವೆಂದು ವಿವರಣೆಯಲ್ಲಿ ಸ್ಪಷ್ಟವಾಗಿ ಹೇಳಿರುವ ಆ್ಯಪನ್ನೇ ಹಾಕಿಕೊಂಡು, ಸೆಟ್ಟಿಂಗ್ಸಿನ ಭಾಷೆ ಮತ್ತು ಇನ್‌ಪುಟ್ ವಿಭಾಗದಲ್ಲಿ ಅದನ್ನು ಸಕ್ರಿಯಗೊಳಿಸಿ. ಪರೀಕ್ಷೆ ಸುಲಭ: ಕ್ಯೂ ಕೀಲಿಗೆ ‘ಟ’, ಡಬ್ಲ್ಯೂ ಕೀಲಿಗೆ ‘ಡ’ ಬರಬೇಕು, ಕೆ, ಎಫ್, ಕೆ ಎಂದು ಒತ್ತಿದರೆ ‘ಕ್ಕ’ ಆಗಬೇಕು. ಒತ್ತಕ್ಷರ ಬಾರದೆ ಬಿಡಿ ಅಕ್ಷರ ಮಾತ್ರ ಬರುತ್ತಿದ್ದರೆ ಬೇರೆ ವಿನ್ಯಾಸ ಆಯ್ಕೆಯಾಗಿದೆಯೇ ಎಂದು ನೋಡಿ.

ಇನ್ನು ಬರಹ ಕಳೆದುಹೋಗುವುದಕ್ಕೆ ಕೀಬೋರ್ಡ್ ಕಾರಣವಲ್ಲ. ನೆನಪಿನ ಜಾಗ (ರ‍್ಯಾಮ್) ಸಾಲದಾದಾಗ ಆಂಡ್ರಾಯ್ಡ್ ಹಿಂದೆ ಸರಿದ ಆ್ಯಪನ್ನು ಮುಚ್ಚುತ್ತದೆ. ಗ್ಯಾಲರಿ ತೆರೆದೊಡನೆ ಹಿಂದೆ ಸರಿಯುವುದು ನಿಮ್ಮ ಬ್ರೌಸರೇ. ಬರಹವನ್ನು ಟ್ಯಾಬ್ಲೆಟ್ಟಿನಲ್ಲೇ ಉಳಿಸುವ ಸರಳ ಟಿಪ್ಪಣಿ ಆ್ಯಪಿನಲ್ಲಿ ಪೂರ್ತಿ ಬರೆದು, ಚಿತ್ರಗಳನ್ನು ಮೊದಲೇ ಆರಿಸಿ ಕುಗ್ಗಿಸಿಟ್ಟುಕೊಂಡು, ಕೊನೆಯಲ್ಲಿ ಮಾತ್ರ ಬ್ರೌಸರಿಗೆ ನಕಲಿಸುವುದು ಇಂಥ ಸಾಧನದಲ್ಲಿ ನಾನು ನಂಬುವ ಒಂದೇ ಕ್ರಮ. ಗಂಟೆಗಟ್ಟಲೆ ಕುಳಿತು ಬರೆದ ಕನ್ನಡ ಒಂದು ಪುಟದ ಮರುಲೋಡಿಗೆ ಬಲಿಯಾಗಬಾರದು.

ಮರುಪ್ರಶ್ನೆ:
ಧನ್ಯವಾದಗಳು ಸರ್. ಕನ್ನಡ ಈಗ ಸರಿಯಾಗಿ ಮೂಡುತ್ತಿದೆ, ಬರಹವೂ ಉಳಿಯುತ್ತಿದೆ. ಆದರೆ ಆಗಾಗ ಒಂದು ಅಕ್ಷರ ತಪ್ಪಿಹೋಗುತ್ತದೆ, ಇಲ್ಲವೇ ಒಂದೇ ಅಕ್ಷರ ಸಾಲಾಗಿ ಬೀಳುತ್ತದೆ. ಮೊಬೈಲಿನ ಹಾಟ್‌ಸ್ಪಾಟ್ ಪಕ್ಕದಲ್ಲೇ ಇರುತ್ತದೆ.

ಉತ್ತರ:
ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಮೊದಲ ಅಕ್ಷರವಷ್ಟೇ ತಪ್ಪುತ್ತಿದ್ದರೆ, ಬ್ಯಾಟರಿ ಉಳಿಸಲು ಕೀಬೋರ್ಡ್ ನಿದ್ರೆಗೆ ಜಾರಿರುತ್ತದೆ; ಶಿಫ್ಟ್ ಕೀಲಿಯನ್ನು ಒಮ್ಮೆ ಒತ್ತಿ ಎಬ್ಬಿಸಿದರೆ ಸಾಕು. ಬರೆಯುವ ನಡುವೆಯೇ ಹೀಗಾಗುತ್ತಿದ್ದರೆ ನನಗೆ ಅನುಮಾನ ಹಾಟ್‌ಸ್ಪಾಟಿನ ಮೇಲೆಯೇ, ಏಕೆಂದರೆ ಬ್ಲೂಟೂತ್ ಕೆಲಸ ಮಾಡುವ 2.4 ಗಿಗಾಹರ್ಟ್ಸ್ ಪಟ್ಟಿಯನ್ನು ವೈಫೈ ಕೂಡ ಬಳಸುತ್ತದೆ. ಎರಡೂ ಸಾಧನಗಳಲ್ಲಿ ಸೌಲಭ್ಯವಿದ್ದರೆ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿ. ಇಲ್ಲದಿದ್ದರೆ ಬರೆಯುವಷ್ಟು ಹೊತ್ತು ಹಾಟ್‌ಸ್ಪಾಟನ್ನು ಆಫ್ ಮಾಡಿಡಿ. ಟಿಪ್ಪಣಿ ಆ್ಯಪಿಗೆ ಅದರ ಅಗತ್ಯವಿಲ್ಲ. ಅದರಿಂದಲೂ ಸರಿಹೋಗದಿದ್ದರೆ, ನಿಮ್ಮ ಟ್ಯಾಬ್ಲೆಟ್ ಒಟಿಜಿ (ಯುಎಸ್‌ಬಿ ಸಾಧನಗಳನ್ನು ನೇರವಾಗಿ ಜೋಡಿಸುವ ಸೌಲಭ್ಯ) ಬೆಂಬಲಿಸುವುದಾದರೆ, ಯಾರಿಂದಲಾದರೂ ತಂತಿಯಿರುವ ಯುಎಸ್‌ಬಿ ಕೀಬೋರ್ಡ್ ಎರವಲು ತಂದು ಜೋಡಿಸಿ ನೋಡಿ. ಅದರಲ್ಲೂ ಅಕ್ಷರ ತಪ್ಪಿದರೆ ದೋಷ ಆ್ಯಪಿನದೋ ಟ್ಯಾಬ್ಲೆಟ್ಟಿನದೋ ಇರಬೇಕು. ಆಗ ಆ್ಯಪಿನ ಹೆಸರನ್ನೂ ಆಂಡ್ರಾಯ್ಡ್ ಆವೃತ್ತಿಯನ್ನೂ ಇಲ್ಲಿ ತಿಳಿಸಿ, ಮುಂದೆ ನೋಡೋಣ.